ಗರ್ಭಿಣಿಯರ ಸೋಂಕು ತಪಾಸಣೆ: ಗುಳೆ ಹೋಗುವ ಮುನ್ನವೇ ಆಗಬೇಕಾದ ಕಾರ್ಯ

ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಅನೇಕ ಕುಟುಂಬಗಳು ದುಡಿಮೆಗಾಗಿ ಮುಂಬಯಿ, ಪುಣೆ, ಬೆಂಗಳೂರು ಮುಂತಾದೆಡೆ ಗುಳೆ ಹೋಗುತ್ತವೆ. ಅವರಲ್ಲಿ ಗರ್ಭಿಣಿಯರೂ ಇರುತ್ತಾರೆ. ರಕ್ತದ ಮಾದರಿ ನೀಡಿ, ಫಲಿತಾಂಶ ಬರುವಷ್ಟರಲ್ಲಿ ಊರು ಬಿಟ್ಟ ತಾಯಿಗೆ ಆ ಪರೀಕ್ಷೆಯಿಂದ ಪ್ರಯೋಜನವಾಗದು. ಈ ಕೊರತೆಯನ್ನು ತ್ವರಿತ ಪರೀಕ್ಷೆ ನೀಗಿಸುತ್ತದೆ.

ಬೆರಳ ತುದಿಯಿಂದ ಪಡೆದ ರಕ್ತದ ಹನಿಯಿಂದಲೇ ಎಚ್‌ಐವಿ ಮತ್ತು ಸಿಫಿಲಿಸ್ ಸೋಂಕಿನ ಸುಳಿವು ಸುಮಾರು 20 ನಿಮಿಷಗಳಲ್ಲಿ ದೊರೆಯುತ್ತದೆ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಹೆಪಟೈಟಿಸ್-ಬಿ ಸೋಂಕಿಗೂ ಇಂತಹ ಪರೀಕ್ಷೆಯಿದೆ. ಈ ಮೂರೂ ಸೋಂಕುಗಳು ಹೊರಗೆ ಯಾವ ಲಕ್ಷಣವನ್ನೂ ತೋರದೆ ತಾಯಿಯಿಂದ ಮಗುವಿಗೆ ತಗಲಬಲ್ಲವು.

ಚಿಕಿತ್ಸೆ ಇಲ್ಲದಿದ್ದಲ್ಲಿ ಎಚ್‌ಐವಿ ಸೋಂಕಿತ ತಾಯಂದಿರ ಶೇ. 15ರಿಂದ 45ರಷ್ಟು ಮಕ್ಕಳಿಗೆ ಸೋಂಕು ತಗಲುತ್ತದೆ; ಸಕಾಲದ ಚಿಕಿತ್ಸೆಯಿಂದ ಈ ಪ್ರಮಾಣ ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಸಿಫಿಲಿಸ್ ಗರ್ಭಪಾತಕ್ಕೂ ಶಿಶುಮರಣಕ್ಕೂ ಕಾರಣವಾಗಬಲ್ಲದು. ಹೆರಿಗೆಗೆ ಕನಿಷ್ಠ 30 ದಿನ ಮೊದಲೇ ಪೆನಿಸಿಲಿನ್ ಚುಚ್ಚುಮದ್ದು ದೊರೆತರೆ ಮಗುವನ್ನು ರಕ್ಷಿಸಬಹುದು. ಪತಿಗೂ ತಪಾಸಣೆ, ಚಿಕಿತ್ಸೆ ಅವಶ್ಯ. ಹೆಪಟೈಟಿಸ್-ಬಿ ತಡೆಯಲು ಶಿಶು ಜನಿಸಿದ 24 ಗಂಟೆಗಳೊಳಗೆ ಲಸಿಕೆ ನೀಡಬೇಕು.

ತ್ವರಿತ ಪರೀಕ್ಷೆಯಲ್ಲಿ ಎಚ್‌ಐವಿ ಸುಳಿವು ಕಂಡ ಮಾತ್ರಕ್ಕೆ ಸೋಂಕು ಖಚಿತವಾಯಿತೆಂದು ಭಾವಿಸಬಾರದು. ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಅದನ್ನು ದೃಢಪಡಿಸಿಕೊಳ್ಳಬೇಕು.

ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ ಇಲ್ಲಿ ಎರಡು ಬಗೆಯದು. ಮೊದಲನೆಯದಾಗಿ, ಗರ್ಭ ಧರಿಸಿದ ಮೊದಲ ಮೂರು ತಿಂಗಳೊಳಗೆ, ಗುಳೆ ಹೊರಡುವ ಮುನ್ನವೇ, ಪ್ರತಿ ಗರ್ಭಿಣಿಗೂ ಪರೀಕ್ಷೆ ಲಭಿಸುವಂತೆ ಆಶಾ ಕಾರ್ಯಕರ್ತೆಯರೊಂದಿಗೆ ಸಹಕರಿಸುವುದು. ಗ್ರಾಮ ಆರೋಗ್ಯ ಮತ್ತು ಪೌಷ್ಟಿಕ ದಿನದಂದು ಪರೀಕ್ಷೆಗೆ ಮರೆಯಿರುವ ಸ್ಥಳ ಒದಗಿಸುವುದು. ಊರು ಬಿಡುವವರು ಹಾಗೂ ಹೆರಿಗೆಗೆ ತವರಿಗೆ ತೆರಳುವವರು ತಾಯಿ ಕಾರ್ಡನ್ನು ಜೊತೆಗೊಯ್ಯುವಂತೆ ತಿಳಿಹೇಳುವುದು.

ಎರಡನೆಯದು ಗೋಪ್ಯತೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ಸೋಂಕಿತರ ವಿವರ ಬಹಿರಂಗಪಡಿಸುವುದೂ ಅವರನ್ನು ತಾರತಮ್ಯದಿಂದ ಕಾಣುವುದೂ ನಿಷಿದ್ಧ. ಆದುದರಿಂದ ಸಭೆಯಲ್ಲಿ ಪರೀಕ್ಷೆಯಾದವರ ಸಂಖ್ಯೆ ಕೇಳಬಹುದೇ ಹೊರತು ಯಾರ ಫಲಿತಾಂಶವನ್ನೂ ಕೇಳಲಾಗದು. ಗುಟ್ಟು ರಟ್ಟಾಗುವ ಊರಿನಲ್ಲಿ ಮುಂದಿನ ಗರ್ಭಿಣಿ ಪರೀಕ್ಷೆಗೆ ಬರಲು ಹಿಂಜರಿಯುತ್ತಾಳೆ. ಅದರ ಹಾನಿ ಇನ್ನೂ ಹುಟ್ಟದ ಮಗುವಿಗೆ ತಟ್ಟುತ್ತದೆ.

ಹೆಚ್ಚಿನ ಮಾಹಿತಿಗೆ ಉಚಿತ ಸಹಾಯವಾಣಿ 1097.