ಮರದ ಹೊಟ್ಟಿನ ಸದುಪಯೋಗ

ಗರಗಸ ಓಡಿದಲ್ಲೆಲ್ಲ ಹೊಟ್ಟು ಬೀಳುತ್ತದೆ. ಮುಂಬಯಿಯ ರೇ ರೋಡಿನ ಮರದ ವಖಾರಿಗಳಾಗಲಿ, ದಿಲ್ಲಿಯ ಕೀರ್ತಿನಗರವಾಗಲಿ, ನಮ್ಮ ಬೀದಿಯ ತಿರುವಿನಲ್ಲಿ ಮೇಜು-ಕುರ್ಚಿ ಮಾಡುವ ಬಡಗಿಯ ಅಂಗಡಿಯಾಗಲಿ, ಸಂಜೆಯ ಹೊತ್ತಿಗೆ ಅಲ್ಲಿ ಹೊಟ್ಟಿನ ರಾಶಿ ಕಾಣದಿರದು. ಕರಾವಳಿಯವರು ಇದನ್ನೇ ಮರದ ಹುಡಿಯೆನ್ನುವರು. ಒಂದು ಚೀಲ ಕೇಳಿದರೆ ಬಡಗಿಯು ಪುಕ್ಕಟೆಯಾಗಿಯೋ, ಅತ್ಯಲ್ಪ ಬೆಲೆಗೋ ಕೊಟ್ಟಾನು. ಮಿತವಾದ ಸಂಬಳದಲ್ಲಿ ಊರಿಗೂ ಹಣ ಕಳುಹಿಸಿ, ಉಳಿದುದರಲ್ಲಿ ಪರವೂರಿನ ಸಂಸಾರವನ್ನು ಸಾಗಿಸುವ ನಮ್ಮಂಥವರು ಇಂತಹ ವಸ್ತುವಿನ ಗುಣದೋಷಗಳನ್ನು ಅರಿತಿರುವುದು ಲೇಸು. ಗುಣವನ್ನು ಮಾತ್ರ ಅರಿತು ದೋಷವನ್ನು ಮರೆತರೆ ಕುಂಡದಲ್ಲಿನ ತುಳಸಿಯೂ ಬಾಡೀತು, ಮನೆಯವರ ಪ್ರಾಣಕ್ಕೂ ಕುತ್ತು ಬಂದೀತು.

ಹೊಟ್ಟಿನ ಸ್ವಭಾವವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಹಸಿದ ವಸ್ತು. ನೀರನ್ನೂ ಎಣ್ಣೆಯನ್ನೂ ಹೀರುತ್ತದೆ. ತನ್ನ ಕಣಗಳ ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ಮಣ್ಣಿಗೆ ಸೇರಿದರೆ ಮಣ್ಣಿನ ಸಾರವನ್ನೂ ಸೆಳೆಯುತ್ತದೆ. ಅದರ ಉಪಕಾರ ಅಪಕಾರಗಳೆರಡೂ ಈ ಹಸಿವಿನಿಂದಲೇ ಹುಟ್ಟುತ್ತವೆ.

ನೆಲದ ಶುಚಿಗೆ

ಅಡಿಗೆಮನೆಯಲ್ಲಿ ಎಣ್ಣೆ ಚೆಲ್ಲಿದಾಗ ಬಟ್ಟೆಯಿಂದ ಒರಸಹೋದರೆ ಅದು ಇನ್ನಷ್ಟು ಹರಡುವುದು. ಕುದಿಯುವ ಪಾತ್ರೆಯನ್ನು ಹೊತ್ತು ನಡೆಯುವವನು ಅಲ್ಲಿ ಜಾರಿದರೆ ಒದಗುವ ಅನಾಹುತವನ್ನು ಹೋಟೆಲಿನ ಕೆಲಸಗಾರರಿಗೆ ವಿವರಿಸಬೇಕಾಗಿಲ್ಲ. ಚೆಲ್ಲಿದ ಎಣ್ಣೆಯ ಮೇಲೆ ಒಣ ಹೊಟ್ಟನ್ನು ಧಾರಾಳವಾಗಿ ಉದುರಿಸಿ, ಕಾಲು ಗಂಟೆ ಬಿಟ್ಟು ಗುಡಿಸಿ, ಬಳಿಕ ಸಾಬೂನಿನ ನೀರಿನಿಂದ ತೊಳೆದರೆ ನೆಲ ಶುಚಿಯಾಗುತ್ತದೆ. ಒಲೆಯ ಬಳಿಯಲ್ಲಿ ಮಾತ್ರ ಹೊಟ್ಟನ್ನು ಚೆಲ್ಲಲಾಗದು. ಅದು ಬೇಗನೆ ಬೆಂಕಿ ಹಿಡಿಯುವ ವಸ್ತು. ಎಣ್ಣೆ ಹೀರಿದ ಹೊಟ್ಟನ್ನು ಮೂಲೆಯಲ್ಲಿ ರಾಶಿ ಹಾಕಿಡುವುದೂ ಸಲ್ಲದು. ಮರಕ್ಕೆ ಬಳಿಯುವ ಅಗಸೆ ಎಣ್ಣೆಯಂತಹವು ಹೊಟ್ಟಿನಲ್ಲಿ ಸೇರಿದರೆ, ರಾಶಿಯು ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುವ ಸಂಭವವುಂಟು.

ಧೂಳು ತುಂಬಿದ ಕೋಣೆಯನ್ನು ಗುಡಿಸುವ ಮೊದಲು ತುಸು ನೀರು ಚಿಮುಕಿಸಿದ ಹೊಟ್ಟನ್ನು ನೆಲದ ಮೇಲೆ ಹರಡಿದರೆ, ಧೂಳು ಅದಕ್ಕೆ ಅಂಟಿಕೊಂಡು ಬರುತ್ತದೆಯೇ ಹೊರತು ಮೇಲೇಳುವುದಿಲ್ಲ. ಒಂದೇ ಖೋಲಿಯಲ್ಲಿ ನಾಲ್ಕಾರು ಮಂದಿ ವಾಸಿಸುವಲ್ಲಿ, ಅದರಲ್ಲೂ ಉಬ್ಬಸದ ರೋಗಿಗಳಿರುವಲ್ಲಿ, ಇದು ದೊಡ್ಡ ಅನುಕೂಲವೇ ಸರಿ. ಬಿಳಿಯ ಕಲ್ಲಿನ ನೆಲಕ್ಕೆ ಮಾತ್ರ ಒದ್ದೆ ಹೊಟ್ಟಿನ ಕಲೆ ಹತ್ತೀತು.

ತಂಪನ್ನು ಕಾಯಲು

ಗಾಳಿಯನ್ನು ಹಿಡಿದಿಡುವ ಗುಣದಿಂದಾಗಿ ಹೊಟ್ಟು ಹೊರಗಿನ ಶಾಖವನ್ನು ಒಳಗೆ ಸುಲಭವಾಗಿ ಬಿಡುವುದಿಲ್ಲ. ಶೀತಕಪೆಟ್ಟಿಗೆಗಳಿಲ್ಲದ ಕಾಲದಲ್ಲಿ ಈ ಗುಣದಿಂದಲೇ ಒಂದು ದೊಡ್ಡ ವ್ಯಾಪಾರ ನಡೆಯಿತು. ಅಮೇರಿಕದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನ ಹಡಗು 1833ರಲ್ಲಿ ಬಾಸ್ಟನ್ನಿನಿಂದ ಸುಮಾರು 180 ಟನ್ ಮಂಜುಗಡ್ಡೆಯನ್ನು ಹೊತ್ತು ಹೊರಟು, ನಾಲ್ಕು ತಿಂಗಳ ಸಮುದ್ರಯಾನದ ಬಳಿಕ ಕಲ್ಕತ್ತೆಯನ್ನು ಸೇರಿದಾಗ ಸುಮಾರು 100 ಟನ್ ಕರಗದೆ ಉಳಿದಿತ್ತು. ಮಂಜುಗಡ್ಡೆಯ ಸುತ್ತ ಮರದ ಹೊಟ್ಟಿನಂತಹ ಅಗ್ಗದ ವಸ್ತುಗಳನ್ನು ಒತ್ತಿ ತುಂಬುವುದು ಈ ವ್ಯಾಪಾರದ ಮರ್ಮ. ಹೀಗೆ ಬಂದ ಮಂಜುಗಡ್ಡೆಯನ್ನಿಡಲು ಮದರಾಸಿನಲ್ಲಿ 1842ರಲ್ಲಿ ಕಟ್ಟಿದ ಐಸ್ ಹೌಸನ್ನು ಚೆನ್ನೈಯ ನಮ್ಮ ಬಂಧುಗಳು ಬಲ್ಲರು. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಆ ಕಟ್ಟಡವೇ ಇಂದು ಮರೀನಾ ತೀರದ ವಿವೇಕಾನಂದ ಭವನವಾಗಿದೆ.

ಸಮಾರಂಭಗಳಿಗೆ ಮಂಜುಗಡ್ಡೆ ತರಿಸುವವರು ಇಂದಿಗೂ ಈ ಉಪಾಯವನ್ನು ಅನುಸರಿಸಬಹುದು. ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ನಾಲ್ಕು ಬೆರಳು ದಪ್ಪಕ್ಕೆ ಹೊಟ್ಟು ತುಂಬಬೇಕು. ಕರಗಿದ ನೀರು ಹರಿದುಹೋಗಲು ತಳದಲ್ಲಿ ತೂತಿರಬೇಕು, ಏಕೆಂದರೆ ತೊಯ್ದ ಹೊಟ್ಟು ಶಾಖವನ್ನು ತಡೆಯಲಾರದು. ಪಾನಕಕ್ಕೆ ಹಾಕುವ ಮಂಜುಗಡ್ಡೆಗೆ ಹೊಟ್ಟು ತಾಗಕೂಡದು.

ಊರಿನಲ್ಲಿ ತೋಟವುಳ್ಳವರಿಗೆ ಇನ್ನೊಂದು ಮಾತು. ಬಿತ್ತನೆಯ ಶುಂಠಿಯನ್ನು ನೆರಳಿನ ಹೊಂಡದಲ್ಲಿ ಒಂದು ಪದರ ಗಡ್ಡೆ, ಒಂದು ಪದರ ಮರಳು ಅಥವಾ ಒಣ ಹೊಟ್ಟು ಎಂಬಂತೆ ಇರಿಸಿದರೆ ಮುಂದಿನ ಬಿತ್ತನೆಯವರೆಗೆ ಬಾಡದೆ ಉಳಿಯುತ್ತದೆ. ಅರಿಸಿನದ ಗಡ್ಡೆಗೆ ಕಾಸರಕದ ಎಲೆಯನ್ನೂ ಸೇರಿಸುವ ರೂಢಿಯುಂಟು.

ಕುಂಡದ ಗಿಡಕ್ಕೆ

ಬಹುಮಂದಿ ತಪ್ಪುವುದು ಇಲ್ಲಿಯೇ. ಹೊಟ್ಟು ಮರದಿಂದ ಬಂದುದು, ಆದುದರಿಂದ ಗಿಡಕ್ಕೆ ಒಳ್ಳೆಯದೆಂದು ಬಗೆದು ಹಸಿಹೊಟ್ಟನ್ನು ಕುಂಡದ ಮಣ್ಣಿಗೆ ಬೆರೆಸಿಬಿಡುತ್ತಾರೆ. ಕೆಲವೇ ವಾರಗಳಲ್ಲಿ ಎಲೆ ಹಳದಿಯಾಗುತ್ತದೆ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಹೊಟ್ಟಿನಲ್ಲಿ ಒಂದು ಪಾಲು ಸಾರಜನಕಕ್ಕೆ 200ರಿಂದ 500 ಪಾಲಿನಷ್ಟು ಇಂಗಾಲವಿರುತ್ತದೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಬೇಕಾದ ಪ್ರಮಾಣವಾದರೋ ಒಂದಕ್ಕೆ 25ರಿಂದ 30 ಮಾತ್ರ. ಕೊರತೆಯಾದ ಸಾರಜನಕವನ್ನು ಅವು ಮಣ್ಣಿನಿಂದ ಸೆಳೆಯುತ್ತವೆ. ಗಿಡ ಉಪವಾಸ ಬೀಳುತ್ತದೆ.

ಆದುದರಿಂದ ಹೊಟ್ಟನ್ನು ಮೊದಲು ಗೊಬ್ಬರವಾಗಿಸಬೇಕು. ತಳದಲ್ಲಿಯೂ ಬದಿಗಳಲ್ಲಿಯೂ ತೂತುಗಳಿರುವ ಹಳೆಯ ಬಾಲ್ದಿಯಲ್ಲಿ ಎರಡು ಪಾಲು ತರಕಾರಿಯ ಸಿಪ್ಪೆ, ಒಂದು ಪಾಲು ಹೊಟ್ಟು, ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಸೆಗಣಿ, ಹೀಗೆ ಪದರ ಪದರವಾಗಿ ಹಾಕಿ, ವಾರಕ್ಕೆರಡು ಬಾರಿ ಮಗುಚಬೇಕು. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಒಸರುವಷ್ಟು ತೇವವಿದ್ದರೆ ಸಾಕು. ಹೋಟೆಲಿನಲ್ಲಿ ದುಡಿಯುವವರಿಗೆ ಇನ್ನೊಂದು ಸೌಕರ್ಯವಿದೆ: ದಿನವೂ ಬಿಸುಡುವ ಕಾಫಿಯ ಚರಟದಲ್ಲಿ ಹೊಟ್ಟಿಗೆ ಕೊರತೆಯಾದ ಸಾರಜನಕವುಂಟು. ಇವೆರಡೂ ಕೂಡಿದರೆ ಪರಸ್ಪರ ಪೂರಕ. ಕೆಲವು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ದೊರೆತು, ಬಾಲ್ಕನಿಯ ಕರಿಬೇವು ಮಲ್ಲಿಗೆಗಳಿಗೆ ಆಹಾರವಾಗುತ್ತದೆ. ಬೇಸಗೆಯಲ್ಲಿ ಕುಂಡದ ಮಣ್ಣಿನ ಮೇಲ್ಮೈಗೆ ಮಾತ್ರ ತೆಳ್ಳಗೆ ಹೊಟ್ಟು ಹರಡುವುದರಿಂದ ಅಂತಹ ಬಾಧೆಯಿಲ್ಲ. ನೀರು ಆರುವುದು ತಡವಾಗುತ್ತದೆ.

ಹೊಟ್ಟಿನ ಒಲೆ

ಹಿಂದಿನ ತಲೆಮಾರಿನವರಿಗೆ ಹೊಟ್ಟಿನ ಒಲೆ ಚಿರಪರಿಚಿತ. ತಗಡಿನ ಡಬ್ಬಿಯ ಬುಡದ ಬದಿಗೆ ತೂತು ಕೊರೆದು, ನಡುವೆ ಬಾಟಲಿಯನ್ನು ನಿಲ್ಲಿಸಿ, ತೂತಿನೊಳಗಿಂದ ಒಂದು ದುಂಡುಕೋಲನ್ನು ಬಾಟಲಿಗೆ ತಾಗುವಂತೆ ತೂರಿಸಿ, ಸುತ್ತಲೂ ಒಣ ಹೊಟ್ಟನ್ನು ಗಟ್ಟಿಯಾಗಿ ಒತ್ತಿ ತುಂಬುವರು. ಬಾಟಲಿಯನ್ನೂ ಕೋಲನ್ನೂ ಮೆಲ್ಲನೆ ಹೊರತೆಗೆದು ಕೆಳಗಿನಿಂದ ಕಿಚ್ಚು ಹೊತ್ತಿಸಿದರೆ, ಬೆಂಕಿ ಗಂಟೆಗಟ್ಟಲೆ ನಿಧಾನವಾಗಿ ಉರಿಯುವುದು.

ಊರಿನ ಬಯಲಂಗಳದಲ್ಲಿ ಬಚ್ಚಲಿನ ಹಂಡೆ ಕಾಯಿಸಲು ಇದು ಸರಿ. ನಗರದ ಖೋಲಿಯೊಳಗೆ ಖಂಡಿತ ಬೇಡ. ನಿಧಾನವಾಗಿ ಉರಿಯುವ ಬೆಂಕಿಯಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಬಾಗಿಲು ಮುಚ್ಚಿ ಮಲಗಿದವರು ಮತ್ತೆ ಏಳದಿರಬಹುದು. ಚಳಿಗಾಲದಲ್ಲಿ ದಿಲ್ಲಿಯ ಕಡೆ ಬೆಂಕಿ ಕಾಯಿಸಿಕೊಳ್ಳುವವರು ಇದನ್ನು ಮರೆಯಬಾರದು.

ಎಂತಹ ಹೊಟ್ಟು?

ಕೊನೆಯದಾಗಿ, ಎಲ್ಲ ಹೊಟ್ಟೂ ಒಂದೇ ಅಲ್ಲ. ಪ್ಲೈವುಡ್, ಎಂ.ಡಿ.ಎಫ್. ಹಲಗೆಗಳ ಹೊಟ್ಟಿನಲ್ಲಿ ಅಂಟು, ಬಣ್ಣ ಬಳಿದ ಮರದ ಹೊಟ್ಟಿನಲ್ಲಿ ಬಣ್ಣ, ಗೆದ್ದಲಿಗೆ ಮದ್ದು ಹಾಕಿದ ಮರದ ಹೊಟ್ಟಿನಲ್ಲಿ ವಿಷ ಬೆರೆತಿರುತ್ತದೆ. ಅಂತಹುದು ಗೊಬ್ಬರಕ್ಕೂ ಬೇಡ, ಬೆಂಕಿಗೂ ಬೇಡ. ಶುದ್ಧ ಮರದ ಹೊಟ್ಟಿನ ಧೂಳು ಕೂಡ ನಿರಪಾಯಕರವಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ. ಆದುದರಿಂದ ಹೊಟ್ಟನ್ನು ತುಂಬುವಾಗ, ಜರಡಿ ಹಿಡಿಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು; ಮಕ್ಕಳನ್ನು ದೂರವಿಡಬೇಕು.

ಚೀಲ ಹಿಡಿದು ಬಡಗಿಯ ಬಳಿಗೆ ಹೋದಾಗ ಹೊಟ್ಟಿನ ಬೆಲೆಯನ್ನು ಆಮೇಲೆ ಕೇಳೋಣ. ಅದು ಯಾವ ಮರದ್ದೆಂದು, ಅದಕ್ಕೆ ಅಂಟು, ಬಣ್ಣ, ಮದ್ದು ತಗಲಿದೆಯೇ ಎಂದು ಮೊದಲು ಕೇಳೋಣ. ಉತ್ತರ ತೃಪ್ತಿಕರವಾಗಿದ್ದರೆ ಆ ಚೀಲವನ್ನು ಧೈರ್ಯವಾಗಿ ಮನೆಗೆ ತರಬಹುದು.