ಬಸ್ಸು ಬಂತು, ಯಾರಿಗೆ ಬಂತು?

ಮೋಜು ಮಾಡೋಣ ಅಂತ ಕೂಡಿಟ್ಟ ಕಾಸು ಬಿಚ್ಚಿ ಪರವೂರಿಗೆ ಹೋದವನು ಐದು ರಾತ್ರಿ ಕಕ್ಕಸಿನ ನಾತ ಕುಡಿದು, ಮಿಲಿಟರಿಯವರು ಕೊಟ್ಟ ಪೊಟ್ಟಣ ತಿಂದು, ಉಟ್ಟ ಬಟ್ಟೆಯಲ್ಲೇ ವಾಪಸು ಬಂದರೆ ಅದನ್ನು ಪ್ರವಾಸ ಅನ್ನಬೇಕೋ, ಪ್ರಾರಬ್ಧ ಅನ್ನಬೇಕೋ?

2005ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣಕ್ಕೆ ಹೋಗಿದ್ದ ಅನೇಕರಿಗೆ ಆದದ್ದು ಇದೇ. ಚಂಡಮಾರುತದ ಹೆಸರು ಕತ್ರೀನಾ. ಗಂಜಿ ಕೇಂದ್ರದ ಹೆಸರು ಸೂಪರ್‌ಡೋಮ್.

ನ್ಯೂ ಆರ್ಲಿಯನ್ಸ್ ಅಂದರೆ ಅಮೆರಿಕದವರಿಗೆ ಮೋಜಿನ ಊರು. ಜಾಜ್ ಸಂಗೀತದ ತವರು. ಮಾರ್ಡಿ ಗ್ರಾ ಎಂಬ ಜಾತ್ರೆಗೆ ಹೆಸರಾದ ಊರು. ಒಂದು ಕಡೆ ಮಿಸಿಸಿಪ್ಪಿ ನದಿ, ಇನ್ನೊಂದು ಕಡೆ ಸಮುದ್ರದಂಥ ಸರೋವರ, ನಡುವೆ ಬಾಣಲೆಯ ಹಾಗೆ ತಗ್ಗಿನಲ್ಲಿ ಕೂತ ಪಟ್ಟಣ. ಬಹಳಷ್ಟು ಬಡಾವಣೆಗಳು ಸಮುದ್ರಮಟ್ಟಕ್ಕಿಂತ ಕೆಳಗೇ ಇವೆ. ಏರಿ ಕಟ್ಟಿ, ಪಂಪು ಹೂಡಿ ನೀರನ್ನು ಹೊರಗಿಟ್ಟು ಬದುಕುವ ಊರು ಅದು. ಏರಿ ಗಟ್ಟಿ ಇದ್ದಷ್ಟು ದಿನ ಊರು!

ಆಗಸ್ಟ್ 28, ಭಾನುವಾರ. ಬೆಳಿಗ್ಗೆ ಮೇಯರ್ ರೇ ನಾಗಿನ್ ಟೀವಿಯ ಮುಂದೆ ಬಂದು, ಎಲ್ಲರೂ ಊರು ಬಿಡಲೇಬೇಕು ಎಂದು ಆಜ್ಞೆ ಹೊರಡಿಸಿದರು. ಬಿಡಿ ಅಂದರೆ ಸಾಕೇ? ಹೇಗೆ ಬಿಡೋದು? ಅದೇ ದಿನ ವಿಮಾನ ನಿಲ್ದಾಣ ಬಂದ್ ಆಯಿತು. ಬಾಡಿಗೆ ಕಾರು ಹುಡುಕಿದರೆ ಸಿಗಲಿಲ್ಲ. ಊರಿನವರಾದರೆ ಅವರವರ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ತುಂಬಿಕೊಂಡು ಹೊರಟರು. ನಗರ ಮತ್ತು ಸುತ್ತಲಿನ ಪ್ರದೇಶದಿಂದ ಹೀಗೆ ಹೊರಟವರು ಸುಮಾರು 10 ಲಕ್ಷಕ್ಕೂ ಮೇಲೆ. ಪ್ರವಾಸಿ ಏನು ಮಾಡಬೇಕು? ಮೇಯರ್ ಆಜ್ಞೆಯಲ್ಲಿ ಅದಕ್ಕೂ ಉತ್ತರವಿತ್ತು. ದಾರಿ ಕಾಣದೆ ಸಿಕ್ಕಿಬಿದ್ದ ಪ್ರವಾಸಿಗರಿಗೆ ಮತ್ತು ಹೋಟೆಲಿನಲ್ಲಿ ತಂಗಿದವರಿಗೆ ಆಜ್ಞೆಯಿಂದ ವಿನಾಯಿತಿ! ಅಂದರೆ ಏನು ಸ್ವಾಮಿ? ಎಲ್ಲರೂ ಓಡಿಹೋಗಿ, ಓಡಲಾಗದವರು ಓಡದಿದ್ದರೆ ದಂಡ ಇಲ್ಲ ಎಂದಂತೆ.

ದೊಡ್ಡ ಹೋಟೆಲುಗಳವರು ಗಿರಾಕಿಗಳನ್ನು ಮೇಲಿನ ಮಹಡಿಗೆ ಹತ್ತಿಸಿ ಕೂರಿಸಿದರು. ಇನ್ನು ಕೆಲವರು ಬಾಗಿಲು ಹಾಕಿಕೊಂಡು, ಸೂಪರ್‌ಡೋಮಿಗೆ ಹೋಗಿ ಅಂತ ಕೈ ತೋರಿಸಿದರು.

ಒಂದೇ ಸಾಲು, ಎರಡು ಬಗೆ ಜನ

ಸೂಪರ್‌ಡೋಮ್ ಅಂದರೆ 1975ರಲ್ಲಿ ತೆರೆದ ಕ್ರೀಡಾಂಗಣ. ಮೇಲೆ ಬೋಗುಣಿ ಕವುಚಿದಂಥ ಚಾವಣಿ. ಅದರ ಅಡ್ಡಗಲ 680 ಅಡಿ. ಎಪ್ಪತ್ತು ಸಾವಿರ ಜನ ಕೂತು ಆಟ ನೋಡಬಹುದು. ಆದರೆ ಮೂರು ಗಂಟೆ ಆಟ ನೋಡೋಕೆ ಕಟ್ಟಿದ ಜಾಗಕ್ಕೂ ಐದು ದಿನ ಸಂಸಾರ ಮಾಡುವ ಜಾಗಕ್ಕೂ ವ್ಯತ್ಯಾಸ ಇಲ್ಲವೇ? ಅಧಿಕಾರಿಗಳು ಇದನ್ನು ಗಂಜಿ ಕೇಂದ್ರ ಎಂದೂ ಕರೆದಿರಲಿಲ್ಲ. ‘ಬೇರೆ ಗತಿಯಿಲ್ಲದವರ ಕೊನೆಯ ಆಸರೆ’ ಎಂಬುದು ಅವರು ಕೊಟ್ಟಿದ್ದ ಹೆಸರು. ಅವರವರ ಊಟ, ಔಷಧಿ, ಹೊದಿಕೆ ಅವರವರೇ ತರಬೇಕು ಅಂತ ಮೊದಲೇ ಹೇಳಿಬಿಟ್ಟಿದ್ದರು.

ಭಾನುವಾರ ಮಧ್ಯಾಹ್ನದಿಂದ ಬಾಗಿಲಲ್ಲಿ ಸಾಲು. ಮಳೆ ಶುರುವಾಗಿತ್ತು. ಒಬ್ಬೊಬ್ಬರ ಚೀಲ ಬಿಚ್ಚಿಸಿ ತಪಾಸಣೆ. ಗಂಟೆಗಟ್ಟಲೆ ಕಾದರು. ರಾತ್ರಿ ಹೊತ್ತಿಗೆ ಒಳಗೆ ಸುಮಾರು 10,000 ಜನ. ಮುಂದೆ ಅದು 20,000 ದಾಟಿತು.

ಆ ಸಾಲಿನಲ್ಲಿ ಎರಡು ಬಗೆಯವರಿದ್ದರು. ಬಹುಪಾಲು ಊರಿನ ಬಡವರು, ಅದರಲ್ಲೂ ಕಪ್ಪು ಜನ. ಮುದುಕರು, ಗಾಲಿಕುರ್ಚಿಯವರು, ಹಸುಗೂಸು ಎತ್ತಿಕೊಂಡ ತಾಯಂದಿರು. ಅವರ ಹತ್ತಿರ ಕಾರಿಲ್ಲ. ತಿಂಗಳ ಕೊನೆ ಬೇರೆ, ಕೈಯಲ್ಲಿ ಕಾಸಿಲ್ಲ. ಅವರ ನಡುವೆ ಬೆನ್ನಿಗೆ ಚೀಲ ಹಾಕಿದ ಪ್ರವಾಸಿಗರು. ಬ್ರಿಟನ್ನಿನ, ಆಸ್ಟ್ರೇಲಿಯದ ಹುಡುಗ ಹುಡುಗಿಯರೂ ಇದ್ದರು. ಕೆಲವರು ಬೇಸಿಗೆಯಲ್ಲಿ ಅಮೆರಿಕದ ಮಕ್ಕಳ ಶಿಬಿರಗಳಲ್ಲಿ ದುಡಿದು, ಉಳಿದ ದುಡ್ಡಿನಲ್ಲಿ ಊರು ನೋಡಲು ಬಂದ ಕಾಲೇಜು ಮಕ್ಕಳು. ಪ್ರವಾಸಿಯ ಟಿಕೆಟ್ ರದ್ದಾಗಿತ್ತು. ಪಕ್ಕದವನು ಟಿಕೆಟ್ ಎಂಬುದನ್ನೇ ಕೊಂಡಿರಲಿಲ್ಲ. ಸದ್ಯಕ್ಕೆ ಇಬ್ಬರೂ ಒಂದೇ ಮಳೆಯಲ್ಲಿ ನೆನೆಯುತ್ತಿದ್ದರು.

ಸೋಮವಾರ, 29ರ ಬೆಳಗಿನ ಜಾವ ಕತ್ರೀನಾ ದಡ ಹತ್ತಿತು. ಗಾಳಿಯ ವೇಗ ಗಂಟೆಗೆ 125 ಮೈಲಿ. ಡೋಮಿನಲ್ಲಿ ಕರೆಂಟು ಹೋಯಿತು. ಜನರೇಟರಿನಿಂದ ಮಂಕು ದೀಪಗಳಷ್ಟೇ. ಹವಾನಿಯಂತ್ರಣ ನಿಂತಿತು. ಬೆಳಿಗ್ಗೆ ತಲೆಯ ಮೇಲೆ ಚಾವಣಿಯ ಹೊದಿಕೆ ಈರುಳ್ಳಿ ಸಿಪ್ಪೆಯಂತೆ ಸುಲಿದು ಹಾರಿತು. ಎರಡು ಕಡೆ ಕಿಂಡಿ ಬಿದ್ದು ಮಳೆ ಒಳಗೆ ಸುರಿಯಿತು. ಕೆಳಗಿದ್ದವರು ಹಾಸಿಗೆ ಬಟ್ಟೆ ಎತ್ತಿಕೊಂಡು ಓಡಿದರು.

ಮಧ್ಯಾಹ್ನದ ಹೊತ್ತಿಗೆ ಗಾಳಿ ಇಳಿಯಿತು. ಪ್ರವಾಸಿಗರು ಉಸಿರು ಬಿಟ್ಟರು. ಇನ್ನೇನು, ನಾಳೆ ನಾಡಿದ್ದು ಮನೆ ಅಂದುಕೊಂಡರು. ಅಷ್ಟರಲ್ಲಾಗಲೇ ಊರಿನ ಕಾಲುವೆಗಳ ಏರಿ ಒಡೆದಿತ್ತು. ಸರೋವರ ಊರೊಳಗೆ ಬರತೊಡಗಿತ್ತು. ನೂರಕ್ಕೆ 80 ಭಾಗ ಊರು ಮುಳುಗಿತು. ಏರಿ ಕಟ್ಟಿದ್ದು ಅಮೆರಿಕದ ಸೇನೆಯ ಎಂಜಿನಿಯರುಗಳು. ನೀರು ಏರಿಯ ಮೇಲೆ ಹರಿಯುವ ಮೊದಲೇ ಕೆಲವು ಕಡೆ ಗೋಡೆ ಬುಡಸಮೇತ ಜಾರಿತ್ತು. ವಿನ್ಯಾಸದಲ್ಲೇ ದೋಷವಿತ್ತು ಅಂತ ಮರುವರ್ಷ ಅವರೇ ಒಪ್ಪಿಕೊಂಡರು. ಒಪ್ಪಿಕೊಂಡಿದ್ದಕ್ಕೆ ಶಹಭಾಸ್ ಅನ್ನಬೇಕಷ್ಟೆ.

ಮಂಗಳವಾರದ ಹೊತ್ತಿಗೆ ಡೋಮಿನ ಸುತ್ತ ನೀರು. ಅದು ನಡುಗಡ್ಡೆಯಾಯಿತು. ಕೊಳಾಯಿ ನಿಂತಿತು. ಇಪ್ಪತ್ತು ಸಾವಿರ ಜನಕ್ಕೆ ಒಂದೂ ಕಕ್ಕಸು ಕೆಲಸ ಮಾಡಲಿಲ್ಲ ಅಂದರೆ ಒಳಗಿನ ಸ್ಥಿತಿ ಬಿಡಿಸಿ ಹೇಳಬೇಕಿಲ್ಲ. ಆಗಸ್ಟಿನ ಸೆಖೆ, ಕತ್ತಲೆ, ನಾತ. ಮೆಟ್ಟಿಲ ಮೂಲೆಗಳೇ ಪಾಯಖಾನೆಯಾದವು. ಮಿಲಿಟರಿಯ ಊಟದ ಪೊಟ್ಟಣ, ನೀರಿನ ಬಾಟಲಿಗೆ ಸಾಲು. ಸ್ವಲ್ಪ ಹೊರಗೆ ನಿಂತು ಗಾಳಿ ಕುಡಿಯೋಣ ಅಂದರೂ ಕಾವಲು.

ಕತ್ತಲೆಯಲ್ಲಿ ಹುಟ್ಟಿದ ಸುದ್ದಿ

ಕತ್ತಲೆ ಇದ್ದಲ್ಲಿ ಗಾಳಿಸುದ್ದಿ. ಅಲ್ಲಿ ಕೊಲೆ ಆಯ್ತಂತೆ, ಇಲ್ಲಿ ಹೆಣ್ಣುಮಗು ಕೆಡಿಸಿದರಂತೆ, ಫ್ರಿಜ್ಜಿನ ಕೋಣೆಯಲ್ಲಿ ಹೆಣ ಪೇರಿಸಿದ್ದಾರಂತೆ. ಪರದೇಶದ ಹುಡುಗರು ಹೆದರಿ ನೀರಾದರು. ಕೆಲವು ಡಜನ್ ಮಂದಿ ಒಂದೆಡೆ ಗುಂಪು ಸೇರಿದರು. ಹುಡುಗಿಯರನ್ನು ನಡುವೆ ಕೂರಿಸಿ ಗಂಡುಹುಡುಗರು ಸುತ್ತ ಕೂತರು. ಕಕ್ಕಸಿಗೆ ಹೋಗುವುದಾದರೂ ಜೊತೆ. ಬೈಗುಳ ತಿಂದೆವು, ಬೆದರಿಕೆ ಬಂತು ಅಂತ ಆಮೇಲೆ ಹೇಳಿಕೊಂಡರು. ಇರಬಹುದು. ಹಸಿದ ಇಪ್ಪತ್ತು ಸಾವಿರ ಜನರ ಜಾಗ ದೇವಸ್ಥಾನವಲ್ಲ. ಕೊನೆಗೆ ಮಿಲಿಟರಿಯವರು ಆ ಹುಡುಗರನ್ನು ಪಕ್ಕದ ಇನ್ನೊಂದು ಒಳಾಂಗಣಕ್ಕೆ ದಾಟಿಸಿದರು. ಅಲ್ಲಿಗೂ ಅವರ ದೇಶದ ಕಾನ್ಸುಲೇಟಿನವರು ಬರಲಾಗಲಿಲ್ಲ. ಊರೊಳಕ್ಕೆ ಅವರನ್ನೇ ಬಿಡುತ್ತಿರಲಿಲ್ಲ.

ಅವರ ಭಯ ಸುಳ್ಳಲ್ಲ. ಆದರೆ ಭಯ ಹುಟ್ಟಿಸಿದ ಸುದ್ದಿ? ನಗರದ ಪೊಲೀಸ್ ಮುಖ್ಯಸ್ಥರೇ ಟೀವಿಯಲ್ಲಿ ಕೂತು ಆ ಕತೆಗಳನ್ನು ಹೇಳಿದರು. ನೂರಾರು ಹೆಣ ಎತ್ತಲು ತಯಾರಾಗಿ ಬಂದವರಿಗೆ ಡೋಮಿನಲ್ಲಿ ಸಿಕ್ಕಿದ್ದು ಆರು. ನಾಲ್ಕು ರೋಗದ ಸಾವು, ಒಂದು ಮಾದಕ ಪದಾರ್ಥದ್ದು, ಇನ್ನೊಂದು ಆತ್ಮಹತ್ಯೆ ಎಂದು ನಂಬಲಾದದ್ದು. ಕೊಲೆ ಒಂದೂ ಇಲ್ಲ! ಆ ಹೊತ್ತಿಗೆ ಸುದ್ದಿ ತನ್ನ ಕೆಲಸ ಮುಗಿಸಿತ್ತು. ಆಗಸ್ಟ್ 31ರಂದು, ನೀರಲ್ಲಿ ಸಿಕ್ಕಿದವರನ್ನು ಎತ್ತುತ್ತಿದ್ದ ಪೊಲೀಸರನ್ನು ಆ ಕೆಲಸ ಬಿಡಿಸಿ, ಲೂಟಿ ತಡೆಯಿರಿ ಅಂತ ಬೀದಿಗೆ ಅಟ್ಟಿದರು. ಚಾವಣಿಯ ಮೇಲೆ ಕೂತು ಕೈ ಬೀಸುತ್ತಿದ್ದವರು ಬೀಸುತ್ತಲೇ ಇದ್ದರು.

ಇತ್ತ ಹೋಟೆಲಿನಲ್ಲಿ ಉಳಿದವರ ಕತೆ ಬೇರೆ. ಹಳೆಯ ಪೇಟೆಯಾದ ಫ್ರೆಂಚ್ ಕ್ವಾರ್ಟರ್ ಎತ್ತರದ ನೆಲ, ಹೆಚ್ಚಾಗಿ ಮುಳುಗಲಿಲ್ಲ. ಆದರೆ ನೀರಿಲ್ಲ, ಕರೆಂಟಿಲ್ಲ, ಊಟ ಮುಗಿಯುತ್ತ ಬಂತು. ಅಲ್ಲಿನ ಸುಮಾರು 500 ಮಂದಿ ಚಂದಾ ಎತ್ತಿದರು. 25,000 ಡಾಲರ್! ಅಂದಿನ ಲೆಕ್ಕದಲ್ಲಿ 11 ಲಕ್ಷ ರೂಪಾಯಿ ಅನ್ನಿ. ಹೊರಗಿನಿಂದ ಹತ್ತು ಬಸ್ಸು ಗೊತ್ತುಮಾಡಿದರು. ಕಾದರು, ಕಾದರು. ರೋಗಿಗಳನ್ನೂ ಬಸುರಿಯರನ್ನೂ ಮೊದಲು ಹತ್ತಿಸೋಣ ಅಂತ ಪಟ್ಟಿ ಮಾಡಿಕೊಂಡು ಕಾದರು. ಬಸ್ಸು ಬರಲೇ ಇಲ್ಲ. ಊರ ಗಡಿಯಲ್ಲೇ ಸರ್ಕಾರದವರು ವಶ ಮಾಡಿಕೊಂಡರು ಅಂತ ತಿಳಿಯಿತು. ಸಮ್ಮೇಳನಕ್ಕೆಂದು ಬಂದು ಆ ಗುಂಪಿನಲ್ಲಿ ಸಿಕ್ಕಿದ್ದ, ಆಂಬುಲೆನ್ಸ್ ಸೇವೆಯ ಇಬ್ಬರು ಆಮೇಲೆ ಇದನ್ನೆಲ್ಲ ಬರೆದರು. ಫೋರ್ಕ್‌ಲಿಫ್ಟಿನಲ್ಲಿ ರೋಗಿಗಳನ್ನು ಸಾಗಿಸಿದ ಕೆಲಸಗಾರರು, ಕರೆಂಟಿಗೆ ಒದ್ದಾಡಿದ ಮೇಸ್ತ್ರಿಗಳು, ಉಸಿರಾಟದ ಯಂತ್ರ ನಿಂತಾಗ ಗಂಟೆಗಟ್ಟಲೆ ಕೈಯಿಂದಲೇ ಗಾಳಿ ಒತ್ತಿದ ನರ್ಸುಗಳು. ಅವರು ಕಂಡ ಶೂರರು ಇವರು, ಎಲ್ಲ ಊರಿನವರೇ.

ಸೆಪ್ಟೆಂಬರ್ 1ರಂದು ಆ ಗುಂಪಿಗೆ ಪೊಲೀಸ್ ಅಧಿಕಾರಿಯೊಬ್ಬ, ನದಿಯ ಸೇತುವೆ ದಾಟಿ, ಆಚೆ ಬಸ್ಸಿದೆ ಅಂದ. ಪೆಟ್ಟಿಗೆ ಎಳೆದುಕೊಂಡು ಹೊರಟರು. ದಾರಿಯಲ್ಲಿ ಊರಿನವರೂ ಸೇರಿಕೊಂಡರು. ಸೇತುವೆಯ ಮೇಲೆ ಆಚೆ ದಡದ ಗ್ರೆಟ್ನಾ ಎಂಬ ಸಣ್ಣ ಊರಿನ ಪೊಲೀಸರು ಬಂದೂಕು ಹಿಡಿದು ಅಡ್ಡ ನಿಂತಿದ್ದರು. ತಲೆಯ ಮೇಲೆ ಗುಂಡು ಹಾರಿತು. ಹಿಂದಕ್ಕೆ ಹೋಗಿ! ದಾರಿ ಮುಚ್ಚಿದ್ದನ್ನು ಆ ಊರಿನ ಪೊಲೀಸ್ ಮುಖ್ಯಸ್ಥರು ಮುಚ್ಚಿಡಲಿಲ್ಲ, ಸಮರ್ಥಿಸಿಕೊಂಡರು. ಪ್ರವಾಸಿಯ ಜೇಬಿನ ಕಾರ್ಡು, ಹೋಟೆಲಿನ ಬಿಲ್ಲು ಯಾವುದೂ ಅಲ್ಲಿ ನಡೆಯಲಿಲ್ಲ. ಆ ಸೇತುವೆಯ ಮೇಲೆ ಅವರೂ ಊರಿನ ಬಡವರಲ್ಲಿ ಒಬ್ಬರಾದರು.

ಸಾಲಿನ ತಲೆಗೆ ಯಾರು?

ಡೋಮಿನವರನ್ನು ಸಾಗಿಸಲು ಬಸ್ಸುಗಳು ಬರತೊಡಗಿದ್ದು ಆಗಸ್ಟ್ 31ರ ಹೊತ್ತಿಗೆ. ಹೋಗಬೇಕಾದ್ದು ಹ್ಯೂಸ್ಟನ್, 560 ಕಿಲೋಮೀಟರ್. ಬೆಂಗಳೂರಿನಿಂದ ಬೆಳಗಾವಿಗಿಂತಲೂ ತುಸು ದೂರ. ಊರಿನ ಸ್ವಂತ ಶಾಲಾ ಬಸ್ಸುಗಳು ಎಲ್ಲಿದ್ದವು ಅಂತ ಕೇಳಬಹುದು. ನೂರಾರು ಹಳದಿ ಬಸ್ಸುಗಳು ಸಾಲಾಗಿ ನಿಂತಲ್ಲೇ ಮುಳುಗಿದ್ದವು. ಆ ಚಿತ್ರವನ್ನು ಇಡೀ ಜಗತ್ತು ನೋಡಿತು.

ಸೆಪ್ಟೆಂಬರ್ 2, ಶುಕ್ರವಾರ. ಆರನೆಯ ದಿನ. ಡೋಮಿನ ಹೊರಗೆ ಬಸ್ಸಿಗಾಗಿ ಸಾವಿರಾರು ಜನರ ನೂಕುನುಗ್ಗಲು. ಬಿಸಿಲಿಗೆ ಜನ ಮೂರ್ಛೆ ಹೋಗುತ್ತಿದ್ದರು. ಆಗ ಶಾಲಾ ಬಸ್ಸುಗಳು ಬಂದವು. ಡೋಮಿನವರ ಸಾಲು ನಿಲ್ಲಿಸಿದರು. ಪಕ್ಕದ ದೊಡ್ಡ ಹೋಟೆಲಿನ ಸುಮಾರು 700 ಅತಿಥಿಗಳು ಮತ್ತು ನೌಕರರನ್ನು ತಂದು ಸಾಲಿನ ತಲೆಗೆ ನಿಲ್ಲಿಸಿ ಹತ್ತಿಸಿದರು. ಮೇಯರ್ ಸಾಹೇಬರೂ ಬಿಡಾರ ಹೂಡಿದ್ದು ಅದೇ ಹೋಟೆಲಿನಲ್ಲಿ. (2014ರಲ್ಲಿ ಲಂಚದ ಕೇಸಿನಲ್ಲಿ ಅವರಿಗೆ 10 ವರ್ಷ ಸಜೆಯಾಯಿತು. ಅದು ಬೇರೆ ಕತೆ.)

ಭಾನುವಾರದಿಂದ ಒಳಗೆ ಕೊಳೆತ 22ರ ಹುಡುಗನೊಬ್ಬ ಕೇಳಿದ. ಅವರು ಶುಭ್ರವಾಗಿದ್ದಾರೆ, ನೆಂದಿಲ್ಲ, ಆದರೂ ನಮಗಿಂತ ಮುಂಚೆ ಹೊರಡೋದು ಹೇಗೆ ಅಂತ. ಆ ಸಾಲಿಗೆ ಸೇರಲು ಹೋದ. ಸೈನಿಕರು ತಡೆದರು. ಅತಿಥಿಗಳದೇನು ತಪ್ಪು? ಅವರ ಹೋಟೆಲಿನ ಕಿಟಕಿಗಳೂ ಉದುರಿದ್ದವು, ಅವರೂ ಐದು ರಾತ್ರಿ ನಿದ್ದೆಗೆಟ್ಟಿದ್ದರು. ಹತ್ತಿ ಅಂದರು, ಹತ್ತಿದರು. ಅವರಿಗಾಗಿ ಫೋನು ಮಾಡುವವರು ಯಾರೋ ಇದ್ದರು. 22ರ ಹುಡುಗನಿಗಾಗಿ ಫೋನು ಮಾಡಬೇಕಾದವರೆಲ್ಲ ಅವನ ಪಕ್ಕದಲ್ಲೇ ಸಾಲಿನಲ್ಲಿ ನಿಂತಿದ್ದರು.

ಆ ಚಂಡಮಾರುತದಲ್ಲಿ ಸತ್ತವರು 1,392 ಮಂದಿ ಅಂತ 2023ರ ಪರಿಷ್ಕೃತ ಲೆಕ್ಕ. ಅದರಲ್ಲಿ ವಯಸ್ಸಾದವರ ಪಾಲೇ ದೊಡ್ಡದು.

2008ರಲ್ಲಿ ಗುಸ್ತಾವ್ ಎಂಬ ಚಂಡಮಾರುತ ಬಂದಾಗ ಸೂಪರ್‌ಡೋಮಿನ ಬಾಗಿಲು ತೆರೆಯಲಿಲ್ಲ. ಗಾಳಿ ಬರುವ ಮೊದಲೇ ಬಸ್ಸು, ರೈಲು ಹಚ್ಚಿ, ವಾಹನವಿಲ್ಲದ ಸಾವಿರಾರು ಮಂದಿಯನ್ನು ಹೊರಗೆ ಸಾಗಿಸಿದರು. ಅಂಥ ಬಸ್ಸು ಬಂದು ನಿಲ್ಲುವ ಜಾಗ ಜನಕ್ಕೆ ಗೊತ್ತಾಗಲಿ ಅಂತ 2013ರಲ್ಲಿ ಊರಿನ 17 ಕಡೆ ಉಕ್ಕಿನ ಗೊಂಬೆಗಳನ್ನು ನಿಲ್ಲಿಸಿದರು. ಒಂದೊಂದೂ 14 ಅಡಿ ಎತ್ತರ, ಕಡ್ಡಿಯಂಥ ಮನುಷ್ಯ. ಹಳ್ಳಿ ಕ್ರಾಸಿನಲ್ಲಿ ಕೊನೆ ಬಸ್ಸಿಗೆ ಕೈ ಅಡ್ಡ ಹಾಕುವವನ ಹಾಗೆ ಒಂದು ಕೈ ಮೇಲೆತ್ತಿ ನಿಂತಿದ್ದಾನೆ.