ಕ್ಯಾಮೆರಾ ಬರುವ ಮೊದಲೇ ಹಾಡಿದವರು

ಓಂ ಬೀಚಿಗೆ ಹೋಗುವವರಲ್ಲಿ ಹಲವರು ಮೊದಲು ಗೋಕರ್ಣದ ರಥಬೀದಿ ದಾಟುತ್ತಾರೆ. ಒಂದು ಬೆಳಿಗ್ಗೆ ಅಲ್ಲಿ ಹಾಲಕ್ಕಿ ಅಜ್ಜಿಯೊಬ್ಬರು ಬಸಳೆ, ಹರಿವೆ ಹರವಿಕೊಂಡು ಕೂತಿದ್ದರು. ಕೊರಳ ತುಂಬ ಮಣಿಸರ, ಹೆಗಲ ಮೇಲೆ ಗಂಟು ಹಾಕಿ ಉಟ್ಟ ಸೀರೆ. ಬೆನ್ನಿಗೆ ಚೀಲ ಹಾಕಿದ್ದ ಹುಡುಗನೊಬ್ಬ ಬಂದವನೇ ಮಂಡಿಯೂರಿ ಕ್ಯಾಮೆರಾ ಎತ್ತಿದ. ಅಜ್ಜಿ ಸೆರಗು ಎಳೆದುಕೊಂಡು ಮುಖ ತಿರುಗಿಸಿದರು. ಅವನು ಅತ್ತ ಹೋದ ಮೇಲೆ ನನ್ನ ಕಡೆ ನೋಡಿ, "ಬಸಳೆ ಎಷ್ಟಕ್ಕೆ ಅಂತ ಕೇಳೂಕಿಲ್ಲ ತಂಗಿ, ಪಟ ಮಾತ್ರ ಬೇಕು" ಅಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

ನಮ್ಮ ಕರಾವಳಿಯ ಹೆಂಗಸರ ಬಗ್ಗೆ ಪತ್ರಿಕೆ, ಟಿವಿ, ಮೊಬೈಲುಗಳಲ್ಲಿ ಬೇಕಾದಷ್ಟು ಚಿತ್ರಗಳಿವೆ. ಆ ಚಿತ್ರಗಳ ಜೊತೆ ಕೆಲವು ತಪ್ಪು ತಿಳಿವಳಿಕೆಗಳೂ ಬೇರು ಬಿಟ್ಟಿವೆ. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಹಳ್ಳಿ ಹೆಂಗಸರಿಗೆ ದನಿ ಕೊಟ್ಟದ್ದು ಮಾಧ್ಯಮ.

ವಾಸ್ತವ: ದನಿ ಮೊದಲೇ ಇತ್ತು. ಹಾಲಕ್ಕಿ ಒಕ್ಕಲಿಗರಲ್ಲಿ ಮದುವೆಗೂ ಹಾಡು, ಗದ್ದೆ ನೆಟ್ಟಿಗೂ ಹಾಡು. ಊರಲ್ಲಿ ನಡೆದದ್ದು, ಹಿರಿಯರು ಕಂಡದ್ದು, ತವರು ಬಿಟ್ಟ ಸಂಕಟ, ಎಲ್ಲವೂ ಹಾಡಾಗಿ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಓದು ಬರಹ ಇಲ್ಲದವರಿಗೆ ಅದೇ ಪತ್ರಿಕೆ, ಅದೇ ರೇಡಿಯೋ. ಅಂಕೋಲಾ ತಾಲ್ಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ, ಎಲ್ಲರ ಸುಕ್ರಜ್ಜಿ, ಅಕ್ಷರ ಕಲಿತವರಲ್ಲ, ಆದರೆ ತಾಯಿಯಿಂದ ಕಲಿತ ಸಾವಿರಾರು ಹಾಡು ಅವರ ನೆನಪಿನಲ್ಲಿದ್ದವು.

ಕಡಲಾಚೆಗೂ ಇಂಥ ಕತೆಗಳಿವೆ. ಕೆರಿಬಿಯನ್ನಿನ ಟ್ರಿನಿಡಾಡ್‌ನಲ್ಲಿ ಕ್ಯಾಲಿಪ್ಸೋ ಎಂಬ ಹಾಡಿನ ಪರಂಪರೆಯೇ ಜನರ ಸುದ್ದಿಪತ್ರಿಕೆಯಾಗಿತ್ತು. ಹಾಡುಗಾರರೆಲ್ಲ ಹೆಚ್ಚುಕಡಿಮೆ ಗಂಡಸರೇ, ಗೆದ್ದವನಿಗೆ ಸಿಗುತ್ತಿದ್ದ ಬಿರುದು 'ಕ್ಯಾಲಿಪ್ಸೋ ಕಿಂಗ್'. 1978ರಲ್ಲಿ ಕ್ಯಾಲಿಪ್ಸೋ ರೋಸ್ ಎಂಬ ಹೆಣ್ಣುಮಗಳು ಆ ಸ್ಪರ್ಧೆ ಗೆದ್ದಾಗ ಬಿರುದಿನ ಹೆಸರನ್ನೇ 'ಮೊನಾರ್ಕ್' ಎಂದು ಬದಲಿಸಬೇಕಾಯಿತು. ಜಮೈಕಾದಲ್ಲಿ 1977ರಲ್ಲಿ ದುಡಿಯುವ ವರ್ಗದ ಹೆಂಗಸರು ಸೇರಿ 'ಸಿಸ್ಟ್ರೆನ್' ನಾಟಕ ತಂಡ ಕಟ್ಟಿ ತಮ್ಮ ಬಾಳಿನ ಕತೆಯನ್ನೇ ರಂಗಕ್ಕೆ ತಂದರು. ಬಡಿಗೇರಿಯ ಅಂಗಳದಲ್ಲೂ ಕಿಂಗ್‌ಸ್ಟನ್ನಿನ ರಂಗದಲ್ಲೂ ಹೆಂಗಸರು ಕೈಗೆ ಸಿಕ್ಕಿದ್ದನ್ನೇ ಮಾಧ್ಯಮ ಮಾಡಿಕೊಂಡರು.

ತಪ್ಪು ಕಲ್ಪನೆ 2: ಸುಕ್ರಜ್ಜಿ ಅಂದರೆ ಜಾನಪದ ಹಾಡುಗಾರ್ತಿ, ಅಷ್ಟೇ.

ವಾಸ್ತವ: ಹಾಡು ಅವರ ಬದುಕಿನ ಅರ್ಧ. ಉಳಿದರ್ಧ ಸಾರಾಯಿಯ ವಿರುದ್ಧದ ಹೋರಾಟ. ಕುಡಿತ ಅವರ ಮನೆಯೊಳಗೇ ಜೀವ ತೆಗೆದಿತ್ತು. ಆ ದುಃಖವನ್ನು ನುಂಗಿಕೊಂಡು ಕೂರದೆ ಊರ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ಮಾರಾಟದ ವಿರುದ್ಧ ನಿಂತರು. ಹಾಡಿಗೆ ಸೇರುತ್ತಿದ್ದ ಹೆಂಗಸರೇ ಈ ಹೋರಾಟಕ್ಕೂ ಸೇರಿದರು. ಒಟ್ಟಿಗೆ ಹಾಡಿ ರೂಢಿಯಿದ್ದವರಿಗೆ ಒಟ್ಟಿಗೆ ನಿಲ್ಲುವುದು ಹೊಸದಾಗಿರಲಿಲ್ಲ. ಕರ್ನಾಟಕ ಸರ್ಕಾರ ಸಾರಾಯಿ ನಿಷೇಧಿಸಿದ್ದು 2007ರ ಜುಲೈಯಲ್ಲಿ. ಬಡಿಗೇರಿಯ ಹೆಂಗಸರು ಅದಕ್ಕೂ ಎಷ್ಟೋ ವರ್ಷ ಮೊದಲೇ ಬೀದಿಗೆ ಇಳಿದಿದ್ದರು. 2017ರಲ್ಲಿ ಸುಕ್ರಜ್ಜಿಗೆ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಹಾಡಿನ ತುಣುಕು ಮೊಬೈಲಿನಲ್ಲಿ ಕೇಳುವಾಗ ಆ ಹೋರಾಟವೂ ನಮಗೆ ನೆನಪಾಗಬೇಕು.

ತಪ್ಪು ಕಲ್ಪನೆ 3: ಪದ್ಮಶ್ರೀ ಬರುವವರೆಗೆ ಇಂಥ ಹೆಂಗಸರು ಯಾರಿಗೂ ಗೊತ್ತಿರಲಿಲ್ಲ.

ವಾಸ್ತವ: ಗೊತ್ತಿರಲಿಲ್ಲ ಎನ್ನುವುದು ದೂರದ ಊರಿನವರ ಮಾತು. ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ಈ ಸೀಮೆಯ ಜನಪದರ ಹಾಡು, ಕತೆ, ಆಚರಣೆಗಳನ್ನು ದಶಕಗಳ ಕಾಲ ಸಂಗ್ರಹಿಸಿ ಪುಸ್ತಕವಾಗಿಸಿದರು. ದೇಶದ ದೊಡ್ಡ ಮಾಧ್ಯಮ ಇತ್ತ ತಿರುಗಿ ನೋಡಿದ್ದು ಬಹಳ ತಡವಾಗಿ.

ಗಿಡ ನೆಟ್ಟು ಬೆಳೆಸಿದ ಹಾಲಕ್ಕಿ ಹೆಣ್ಣುಮಗಳು, ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರನ್ನೇ ನೋಡಿ. 1986ರಲ್ಲೇ ಅವರಿಗೆ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಸಿಕ್ಕಿತ್ತು, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. ಇಡೀ ದೇಶ ಅವರನ್ನು ಕಂಡದ್ದು 2021ರ ನವೆಂಬರಿನಲ್ಲಿ, ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ಪದ್ಮಶ್ರೀ ಸ್ವೀಕರಿಸಿದಾಗ. ನಡುವೆ ಮೂವತ್ತೈದು ವರ್ಷ ಕಳೆದಿತ್ತು. ಅಷ್ಟೂ ಕಾಲ ಅವರು ಗಿಡ ನೆಡುತ್ತಲೇ ಇದ್ದರು.

ತಪ್ಪು ಕಲ್ಪನೆ 4: ಬರಿಗಾಲು, ರವಿಕೆಯಿಲ್ಲದ ಸೀರೆ ಅಂದರೆ ಬಡತನ, ಹಿಂದುಳಿದಿರುವಿಕೆ.

ವಾಸ್ತವ: ಅದು ಹಾಲಕ್ಕಿ ಹೆಂಗಸರ ಉಡುಗೆ. ಅದರಲ್ಲೇ ಗದ್ದೆಗೆ ಇಳಿಯುತ್ತಾರೆ, ಅದರಲ್ಲೇ ಮದುವೆಗೆ ಹೋಗುತ್ತಾರೆ. ತುಳಸಿ ಗೌಡರು ಅದನ್ನೇ ಉಟ್ಟು ದೆಹಲಿಗೆ ಹೋದರು. ಆ ಚಿತ್ರ ಕ್ಷಣದಲ್ಲಿ ಎಲ್ಲೆಡೆ ಹರಡಿತು. ಜನ ಬರಿಗಾಲನ್ನು ಮೆಚ್ಚಿದರು. ಅದಕ್ಕಿಂತ ಹೆಚ್ಚು ಮೆಚ್ಚಬೇಕಾದದ್ದು ಅವರ ತಿಳಿವಳಿಕೆಯನ್ನು. ಅರಣ್ಯ ಇಲಾಖೆಯ ನರ್ಸರಿಗೆ ದಿನಗೂಲಿಯಾಗಿ ಸೇರಿದ ಅವರು ಯಾವ ತಾಯಿಮರದ ಬೀಜ ಒಳ್ಳೆಯದು, ಅದನ್ನು ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಎಂಬುದನ್ನು ಕಾಡಿನಲ್ಲೇ ಕಲಿತರು. ಒಳ್ಳೆಯ ಮರ ಗುರುತಿಸಿ, ಬೀಜ ಬಿಡುವ ಹೊತ್ತು ಕಾದು ತರುವುದಕ್ಕೆ ವರ್ಷಗಟ್ಟಲೆ ಕಾಡು ಸುತ್ತಿದ ಕಣ್ಣು ಬೇಕು. 2024ರ ಡಿಸೆಂಬರಿನಲ್ಲಿ ಅವರು ತೀರಿಹೋದರು. ಕಾಲಿನ ಚಿತ್ರ ನಮ್ಮ ಹತ್ತಿರ ಸಾವಿರ ಇದ್ದರೂ ತಲೆಯೊಳಗಿದ್ದ ವಿದ್ಯೆಯಲ್ಲಿ ನಾವು ಬರೆದಿಟ್ಟುಕೊಂಡದ್ದು ಸ್ವಲ್ಪವೇ.

ತಪ್ಪು ಕಲ್ಪನೆ 5: ಟಿವಿಯಲ್ಲಿ 'ಬುಡಕಟ್ಟು ಮಹಿಳೆ' ಎನ್ನುತ್ತಾರೆ, ಹಾಗಾಗಿ ಬುಡಕಟ್ಟಿನ ಸೌಲಭ್ಯ ಇವರಿಗೆ ಸಿಗುತ್ತಿದೆ.

ವಾಸ್ತವ: ಹಾಲಕ್ಕಿ ಒಕ್ಕಲಿಗರು ಈವರೆಗೂ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ಬೇಡಿಕೆ ಹಳೆಯದು, ಮನವಿಗಳಿಗೆ ಲೆಕ್ಕವಿಲ್ಲ. ಸುಕ್ರಜ್ಜಿಯೂ ಕೊನೆಯವರೆಗೆ ಅದನ್ನೇ ಕೇಳುತ್ತಿದ್ದರು. ಇದೇ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳಿಗೆ ಆ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಸುದ್ದಿಯ ತಲೆಬರಹದಲ್ಲಿ ಬುಡಕಟ್ಟು, ಸರ್ಕಾರದ ಕಾಗದದಲ್ಲಿ ಅಲ್ಲ. ಕಾಲೇಜಿಗೆ ಹೋಗಬೇಕೆನ್ನುವ ಹಾಲಕ್ಕಿ ಹುಡುಗಿಗೆ ಉಪಯೋಗಕ್ಕೆ ಬರುವುದು ತಲೆಬರಹವಲ್ಲ, ಆ ಕಾಗದ. ಅಜ್ಜಿಯ ಚಿತ್ರ ಹಾಕುವ ಪತ್ರಿಕೆ ಮೊಮ್ಮಗಳ ಈ ಪ್ರಶ್ನೆಯನ್ನೂ ಬರೆಯಬೇಕು.

ತಪ್ಪು ಕಲ್ಪನೆ 6: ಕಡಲು ಗಂಡಸರದು, ಹೆಂಗಸರು ಬುಟ್ಟಿ ಹೊತ್ತು ಮೀನು ಮಾರುವವರು ಮಾತ್ರ.

ವಾಸ್ತವ: ಓಂ ಬೀಚಿನಿಂದ ಸ್ವಲ್ಪ ತೆಂಕಲಿಗೆ ಬಂದರೆ ತದಡಿ, ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆ. ಇಳಿತದ ಹೊತ್ತಿಗೆ ಅಲ್ಲಿ ಹೆಂಗಸರು ಮೊಣಕಾಲು ನೀರಿಗೆ ಇಳಿದು, ಅಂಗಾಲಿನಲ್ಲೇ ತಡಕಿ, ಕೆಸರಿನೊಳಗಿಂದ ಬಳಚು ಎಂಬ ಚಿಪ್ಪಿ ಹೆಕ್ಕುತ್ತಾರೆ. ಉಬ್ಬರ ತಿರುಗುವ ಮೊದಲು ಬುಟ್ಟಿ ತುಂಬಬೇಕು. ಯಾವ ತಿಥಿಗೆ ನೀರು ಎಷ್ಟು ಇಳಿಯುತ್ತದೆ, ಯಾವ ದಿಬ್ಬದಲ್ಲಿ ಈ ವರ್ಷ ಚಿಪ್ಪಿ ಬಲಿತಿದೆ ಎಂಬುದೆಲ್ಲ ಅವರಿಗೆ ಗೊತ್ತು. 2024ರ ಜನವರಿಯಲ್ಲಿ ಈ ಅಳಿವೆಗೆ ಜೌಗುನೆಲಗಳಿಗೆ ಸಿಗುವ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಹಕ್ಕಿ, ಕಾಂಡ್ಲಾ ಕಾಡುಗಳ ಚಿತ್ರ ಎಲ್ಲೆಡೆ ಬಂತು. ಆ ಹೊಳೆಯನ್ನು ದಿನವೂ ಅಂಗಾಲಿನಿಂದ ಓದುವ ಹೆಂಗಸರಿಗೂ ಆ ಚಿತ್ರದಲ್ಲಿ ಜಾಗ ಇರಬೇಕು.

ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ನಡೆದ ಪ್ರತಿಭಟನೆಗಳಲ್ಲಿ ಮೀನುಗಾರ ಹೆಂಗಸರು ಮುಂದಿನ ಸಾಲಿನಲ್ಲಿದ್ದರು. ಮೀನು ಒಣಗಿಸುವ ಮರಳು ಹೋದರೆ ಮೊದಲು ಒಲೆ ಆರುವುದು ತಮ್ಮ ಮನೆಯಲ್ಲಿ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತಪ್ಪು ಕಲ್ಪನೆ 7: ಕನ್ನಡದ ಹೆಂಗಸರು ಪತ್ರಿಕೆ ನಡೆಸತೊಡಗಿದ್ದು ಈಚೆಗೆ.

ವಾಸ್ತವ: ನಂಜನಗೂಡಿನ ತಿರುಮಲಾಂಬ 'ಕರ್ನಾಟಕ ನಂದಿನಿ' ಶುರು ಮಾಡಿದ್ದು ನೂರು ವರ್ಷಕ್ಕೂ ಹಿಂದೆ. ಬೆಂಗಳೂರಿನ ಆರ್. ಕಲ್ಯಾಣಮ್ಮ 'ಸರಸ್ವತಿ' ಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ಈಗ ನಮ್ಮ ಕರಾವಳಿಯಲ್ಲೂ, ಹೊನ್ನಾವರ ತಾಲ್ಲೂಕಿನ ಕವಲಕ್ಕಿಯಲ್ಲಿ ವೈದ್ಯೆ ಎಚ್.ಎಸ್. ಅನುಪಮಾ ರೋಗಿಗಳನ್ನು ನೋಡುತ್ತಲೇ ಹೆಣ್ಣಿನ ಬದುಕನ್ನು ಬರೆಯುತ್ತಾ ಬಂದಿದ್ದಾರೆ. ಹಾಡುವ ಹೆಂಗಸರು, ಬರೆಯುವ ಹೆಂಗಸರು ಇಬ್ಬರೂ ಇದೇ ಕನ್ನಡ ನೆಲದವರು. ಅಜ್ಜಿಯ ಹಾಡನ್ನು ಮೊಮ್ಮಗಳೇ ದಾಖಲು ಮಾಡಿ, ಅವಳೇ ಶೀರ್ಷಿಕೆ ಕೊಟ್ಟು, ಅವಳೇ ಊರಿಗೆ ತೋರಿಸುವ ದಿನ ಈಗ ಬಂದಿದೆ. ಮೊಬೈಲು ಅವಳ ಕೈಯಲ್ಲೂ ಇದೆ.

ಆ ಬೆಳಿಗ್ಗೆ ನಾನು ಎರಡು ಕಟ್ಟು ಬಸಳೆ ತೆಗೆದುಕೊಂಡೆ. ಹೆಸರು ಕೇಳಿದ್ದಕ್ಕೆ ಹೇಳಿದರು, ಊರೂ ಹೇಳಿದರು. ಬಸಳೆಗೆ ಏನು ಗೊಬ್ಬರ ಹಾಕುತ್ತೀರಿ ಎಂದಿದ್ದಕ್ಕೆ ಹಟ್ಟಿಯಿಂದ ಶುರುವಾದ ಮಾತು ಸೊಸೆಯ ಬಾಣಂತನದವರೆಗೆ ಹೋಯಿತು. ಹೊರಡುವಾಗ ಅವರೇ ಕೇಳಿದರು: "ಪಟ ಬೇಡ್ವನೆ ನಿಂಗೆ?" ಸೆರಗು ಸರಿಮಾಡಿಕೊಂಡು, ಮಣಿಸರ ಮುಂದಕ್ಕೆ ಎಳೆದುಕೊಂಡು, ನೆಟ್ಟಗೆ ಕೂತು ನನ್ನ ಮೊಬೈಲಿನ ಕಡೆ ನೋಡಿದರು.